ಕಾನೂನಿಗೆ ಮರದ ವಯಸ್ಸು ಬೇಕು, ಮಣ್ಣು ಬೇಡವೇ? ಪುಣೆಯ ಗುಡ್ಡಗಳು ಎತ್ತಿರುವ ಪ್ರಶ್ನೆ

ಪುಣೆ ನಗರದಲ್ಲಿ ಒಂದು ಮರ ಕಡಿಯಬೇಕೆಂದರೆ ಅದಕ್ಕೆ ಎಷ್ಟು ವಯಸ್ಸಾಗಿದೆ ಎಂದು ಮೊದಲು ಹೇಳಬೇಕು. 1975ರ ಮಹಾರಾಷ್ಟ್ರ ನಗರ ಪ್ರದೇಶಗಳ ಮರ ಸಂರಕ್ಷಣಾ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಬಂದ ಮೇಲೆ ಲೆಕ್ಕ ಹೀಗಿದೆ: ಮರಕ್ಕೆ ಎಷ್ಟು ವರ್ಷವೋ ಅಷ್ಟು ಸಸಿ ನೆಡಬೇಕು, ನೆಟ್ಟದ್ದನ್ನು ಏಳು ವರ್ಷ ನೋಡಿಕೊಳ್ಳಬೇಕು. ಮರಕ್ಕೆ 50 ವರ್ಷ ದಾಟಿದ್ದರೆ ಅದು ಪಾರಂಪರಿಕ ಮರ. ಬೆಂಗಳೂರಿನಲ್ಲಿ 'ಒಂದಕ್ಕೆ ಹತ್ತು' ಎಂಬ ಮಾತು ಕೇಳಿ ಅಭ್ಯಾಸವಾದವರಿಗೆ ಇದು ಹೆಚ್ಚು ನ್ಯಾಯವಾಗಿ ಕಾಣುತ್ತದೆ. 60 ವರ್ಷದ ಆಲಕ್ಕೂ ಆರು ವರ್ಷದ ಸುಬಾಬುಲ್‌ಗೂ ಒಂದೇ ಬೆಲೆ ಕಟ್ಟುವುದಕ್ಕಿಂತ ಇದು ಎಷ್ಟೋ ವಾಸಿ.

ಆದರೆ ಈ ಲೆಕ್ಕದಲ್ಲಿ ಒಂದು ಊಹೆ ಅಡಗಿದೆ. ಮರ ಎಲ್ಲಿ ನಿಂತಿದ್ದರೂ ವರ್ಷಕ್ಕೆ ಇಷ್ಟು ಎಂದು ಬೆಳೆಯುತ್ತದೆ, ಸಸಿಯನ್ನು ಎಲ್ಲಿ ನೆಟ್ಟರೂ ಮುಂದೊಂದು ದಿನ ಅದು ಮರವಾಗುತ್ತದೆ ಎಂಬ ಊಹೆ. ಇದು ಎಷ್ಟು ತಪ್ಪು ಎಂದು ನೋಡಲು ಪುಣೆಗಿಂತ ಒಳ್ಳೆಯ ಜಾಗ ದೇಶದಲ್ಲಿ ಬಹಳ ಇಲ್ಲ. ಒಂದೇ ದಿನದ ಬಸ್ ಪ್ರಯಾಣದಲ್ಲಿ ನಿತ್ಯಹರಿದ್ವರ್ಣ ಕಾಡಿನಿಂದ ಹುಲ್ಲುಗಾವಲಿನವರೆಗೆ ಹೋಗಿಬರಬಹುದಾದ ಜಿಲ್ಲೆ ಇದು. ಮರದ ಉಂಗುರ ಓದಿ ಮಳೆಯ ಇತಿಹಾಸ ಬರೆಯುವ ವಿಜ್ಞಾನಿಗಳೂ ಇದೇ ಊರಿನಲ್ಲಿದ್ದಾರೆ.

ಭೀಮೆಯ ತವರಿನಲ್ಲಿ

ಕಲಬುರಗಿ, ವಿಜಯಪುರದ ಓದುಗರಿಗೆ ಭೀಮಾ ನದಿಯ ಪರಿಚಯ ಹೇಳಬೇಕಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಉಜನಿ ಜಲಾಶಯದಿಂದ ಬಿಟ್ಟ ನೀರು ಹೊಲಗಳಿಗೆ ನುಗ್ಗಿದ್ದು ಇನ್ನೂ ನೆನಪಿದೆ. ಆ ಭೀಮೆ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಅಲ್ಲಿ ಸಹ್ಯಾದ್ರಿಯ ನೆತ್ತಿಯ ಮೇಲೆ ದಟ್ಟ ಕಾಡು, ಕೆಂಜಳಿಲು, ಮಳೆಗಾಲ ಪೂರ್ತಿ ಮಂಜು. ಇನ್ನಷ್ಟು ದಕ್ಷಿಣಕ್ಕೆ ಬಂದರೆ ಮುಳಶಿ ತಾಲ್ಲೂಕಿನ ತಾಮ್ಹಿಣಿ ಘಾಟಿ. ಅಲ್ಲಿ ವರ್ಷದ ಮಳೆ 5,000 ಮಿ.ಮೀ. ದಾಟುವುದು ಮಾಮೂಲು. 2024ರ ಜುಲೈ 25ರಂದು ಪುಣೆಯ ಸಿಂಹಗಡ ರಸ್ತೆಯ ವಸತಿ ಸಮುಚ್ಚಯಗಳಿಗೆ ನೀರು ನುಗ್ಗಿದಾಗ ತಾಮ್ಹಿಣಿಯಲ್ಲಿ 24 ಗಂಟೆಯಲ್ಲಿ 500 ಮಿ.ಮೀ.ಗೂ ಹೆಚ್ಚು ಸುರಿದಿತ್ತು.

ಅಲ್ಲಿಂದ ಪೂರ್ವಕ್ಕೆ 50–60 ಕಿ.ಮೀ. ಬಂದರೆ ಪುಣೆ ನಗರ. ಇಲ್ಲಿ ವರ್ಷಕ್ಕೆ ಸುಮಾರು 700ರಿಂದ 750 ಮಿ.ಮೀ. ಮಳೆ. ಇನ್ನೂ 100 ಕಿ.ಮೀ. ಆಗ್ನೇಯಕ್ಕೆ ಹೋಗಿ ಬಾರಾಮತಿ ಸೇರಿದರೆ ಸುಮಾರು 500 ಮಿ.ಮೀ. ಮೋಡಗಳು ಘಟ್ಟ ಏರುವಾಗಲೇ ಬಹುಪಾಲು ನೀರು ಇಳಿಸಿಬಿಡುತ್ತವೆ, ಪೂರ್ವದ ಇಳಿಜಾರಿಗೆ ಉಳಿಯುವುದು ಚೂರುಪಾರು. ಬೆಳಗಾವಿ ಜಿಲ್ಲೆಯವರು ಖಾನಾಪುರದ ಕಣಕುಂಬಿಯಿಂದ ಅಥಣಿಗೆ ಹೋಗುವಾಗ ಕಾಣುವುದೂ ಇದನ್ನೇ.

ಈ 150 ಕಿ.ಮೀ.ನಲ್ಲಿ ತಳದ ಕಲ್ಲು ಬದಲಾಗುವುದಿಲ್ಲ. ಎಲ್ಲ ಕಡೆ ಲಾವಾ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್. ಬದಲಾಗುವುದು ಮಳೆ ಮತ್ತು ಕಲ್ಲಿನ ಮೇಲೆ ಕೂತ ಮಣ್ಣಿನ ದಪ್ಪ. ಅಷ್ಟಕ್ಕೇ ಕಾಡಿನ ಚಹರೆ ಪೂರ್ತಿ ಬೇರೆಯಾಗುತ್ತದೆ. ಪಶ್ಚಿಮದಲ್ಲಿ ಎಲೆ ಉದುರಿಸದ ಎತ್ತರದ ಮರಗಳು. ಪುಣೆಯ ಸುತ್ತ ಬೇಸಿಗೆಯಲ್ಲಿ ಬೋಳಾಗಿ ನಿಲ್ಲುವ ದಿಂಡಿಗ, ಕಗ್ಗಲಿ, ಮುತ್ತುಗ. ಸುಪೆ, ಇಂದಾಪುರದ ಕಡೆ ಹುಲ್ಲು, ನಡುವೆ ಅಲ್ಲೊಂದು ಇಲ್ಲೊಂದು ಜಾಲಿ, ಬೋರೆ.

ಮರಕ್ಕೆ ಬೇಕಾದ್ದು ಮಳೆಯಷ್ಟೇ ಅಲ್ಲ

ಮರ ಬೆಳೆಯಲು ಬೆಳಕು, ನೀರು, ಶಾಖ, ಇಂಗಾಲದ ಡೈಆಕ್ಸೈಡ್, ಮಣ್ಣಿನ ಪೋಷಕಾಂಶ ಎಲ್ಲವೂ ಬೇಕು ಎಂದು ಶಾಲೆಯಲ್ಲಿ ಓದಿದ್ದೇವೆ. ಶಾಲೆಯಲ್ಲಿ ಅಷ್ಟಾಗಿ ಹೇಳದ ಮಾತೆಂದರೆ, ಇವುಗಳಲ್ಲಿ ಯಾವುದು ಅತಿ ಕಡಿಮೆ ಇದೆಯೋ ಅದೇ ಬೆಳವಣಿಗೆಯ ಮಿತಿ. 19ನೇ ಶತಮಾನದ ಜರ್ಮನ್ ರಸಾಯನ ವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ ಹೆಸರಿನೊಂದಿಗೆ ಈ ನಿಯಮ ಜನಪ್ರಿಯವಾಯಿತು. ಪುಣೆಯ ಗುಡ್ಡದ ಮೇಲೆ ಬೆಳಕಿಗೂ ಶಾಖಕ್ಕೂ ಬರವಿಲ್ಲ. ಬರ ಇರುವುದು ನೀರಿಗೆ, ಅದರಲ್ಲೂ ಅಕ್ಟೋಬರ್‌ನಿಂದ ಮೇ ತನಕ.

ಇಲ್ಲಿ ಮಣ್ಣಿನ ಆಳದ ವಿಷಯ ಬರುತ್ತದೆ. ವೇತಾಳ ಟೇಕಡಿ, ಪರ್ವತಿ, ತಳಜಾಯಿ ಮುಂತಾದ ಗುಡ್ಡಗಳ ಇಳಿಜಾರಿನಲ್ಲಿ ಹಲವು ಕಡೆ ಗೇಣುದ್ದ ಅಗೆದರೆ ಗರಸು, ಅದರ ಕೆಳಗೆ ಕಲ್ಲು. ಮಳೆಗಾಲದ ನೀರು ಅಂಥ ಮಣ್ಣಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ. 700 ಮಿ.ಮೀ. ಮಳೆ ಆಳದ ಕಪ್ಪುಮಣ್ಣಿನ ಹೊಲದಲ್ಲಿ ಬಿದ್ದರೆ ಹಿಂಗಾರಿ ಜೋಳ ಬೆಳೆದು ಮನೆಗೆ ಬರುತ್ತದೆ. ಅದೇ ಮಳೆ ಗರಸು ಗುಡ್ಡದ ಮೇಲೆ ಬಿದ್ದರೆ ನವೆಂಬರ್ ಹೊತ್ತಿಗೆ ಹುಲ್ಲು ಒಣಗಿರುತ್ತದೆ. ಒಕ್ಕಲುತನ ಮಾಡಿದ ಯಾರಿಗೂ ಇದು ಹೊಸ ಸುದ್ದಿಯಲ್ಲ. ಆದರೆ ವೃಕ್ಷಾರೋಪಣ ಕಾರ್ಯಕ್ರಮದ ವೇದಿಕೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಶಾಖವೂ ಬೇರೆ ದಾರಿಯಲ್ಲಿ ಹೊಡೆಯುತ್ತದೆ. ಗಾಳಿ ಬಿಸಿಯಾದಷ್ಟೂ ಅದಕ್ಕೆ ಎಲೆಯಿಂದ ನೀರು ಹೀರುವ ಶಕ್ತಿ ಹೆಚ್ಚು. ನೀರು ಉಳಿಸಿಕೊಳ್ಳಲು ಮರ ಎಲೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರುವುದೂ ಆ ರಂಧ್ರದಿಂದಲೇ. ಬಾಗಿಲು ಮುಚ್ಚಿದರೆ ಹಸಿವು, ತೆರೆದರೆ ಬಾಯಾರಿಕೆ. ಎಲೆ ಉದುರಿಸುವ ಮರಗಳು ಈ ಪೇಚಿನಿಂದ ಪಾರಾಗುವುದು ಬೇಸಿಗೆಯಲ್ಲಿ ಅಂಗಡಿಯನ್ನೇ ಮುಚ್ಚಿ. ಮಾರ್ಚ್‌ನಲ್ಲಿ ವೇತಾಳ ಟೇಕಡಿ ಹತ್ತುವ ಹೊಸಬರು 'ಎಲ್ಲ ಒಣಗಿಹೋಗಿದೆ' ಎಂದು ಮರುಗುವುದುಂಟು. ಒಣಗಿಲ್ಲ, ಗುಡ್ಡದ ಮರ ಬದುಕುವ ಕ್ರಮವೇ ಅದು.

ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿರುವುದರಿಂದ ಮರಗಳಿಗೆ ಲಾಭವಲ್ಲವೇ ಎಂಬ ವಾದವಿದೆ. ಸ್ವಲ್ಪ ಮಟ್ಟಿಗೆ ನಿಜ. ಉಪಗ್ರಹ ಚಿತ್ರಗಳಲ್ಲಿ ಭೂಮಿ ಹಸಿರಾಗುತ್ತಿದೆ ಎಂದು 2019ರಲ್ಲಿ ಬಂದ ಅಧ್ಯಯನವೊಂದು ಭಾರತ ಮತ್ತು ಚೀನಾವನ್ನು ಮುಂಚೂಣಿಯಲ್ಲಿಟ್ಟಿತ್ತು. ನಮ್ಮಲ್ಲಿ ಹಲವರು ಬೆನ್ನು ತಟ್ಟಿಕೊಂಡರು. ಅದೇ ಅಧ್ಯಯನದ ಒಳಗೆ ಹೋದರೆ, ಭಾರತದ ಹಸಿರಿನ ಹೆಚ್ಚಳದಲ್ಲಿ ಶೇ 82ರಷ್ಟು ಬೆಳೆ ಹೊಲಗಳದ್ದು, ಕಾಡಿನ ಪಾಲು ಶೇ 4.4 ಮಾತ್ರ. ಕೊಳವೆಬಾವಿ ನೀರಲ್ಲಿ ಬೆಳೆದ ಕಬ್ಬಿಗೂ ಕಾಡಿಗೂ ಆಕಾಶದಿಂದ ನೋಡಿದರೆ ಬಣ್ಣ ಒಂದೇ.

ಉಂಗುರದಲ್ಲಿ ಬರೆದ ಮಳೆ

ವೇತಾಳ ಟೇಕಡಿಯಿಂದ ಕೆಲವೇ ಕಿ.ಮೀ. ದೂರದ ಪಾಷಾಣ ಬಡಾವಣೆಯಲ್ಲಿ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ಇದೆ. 1962ರಲ್ಲಿ ಆರಂಭವಾದ ಸಂಸ್ಥೆ, ಮುಂಗಾರಿನ ಅಧ್ಯಯನಕ್ಕೆ ಹೆಸರಾದದ್ದು. ಇಲ್ಲಿನ ವಿಜ್ಞಾನಿಗಳು ಕಂಪ್ಯೂಟರ್ ಮಾದರಿಗಳ ಜೊತೆಗೆ ಮರದ ತುಂಡುಗಳನ್ನೂ ಓದುತ್ತಾರೆ. ಜಿ.ಬಿ. ಪಂತ್ ಮತ್ತು ಎಚ್.ಪಿ. ಬೋರ್‌ಗಾಂವ್ಕರ್ 1983ರಲ್ಲೇ ಠಾಣೆ ಪ್ರದೇಶದ ತೇಗದ ಉಂಗುರಗಳನ್ನು ಅಲ್ಲಿನ ಹವಾಮಾನದ ಜೊತೆ ಹೋಲಿಸಿ ನೋಡಿದ್ದರು.

ತೇಗವನ್ನೇ ಆರಿಸಲು ಕಾರಣವಿದೆ. ಉಷ್ಣವಲಯದ ಬಹಳಷ್ಟು ಮರಗಳಲ್ಲಿ ವರ್ಷದ ಉಂಗುರ ಸ್ಪಷ್ಟವಾಗಿ ಮೂಡುವುದಿಲ್ಲ. ಹಿಮಾಲಯದ ದೇವದಾರುವಿಗೆ ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುತ್ತದೆ, ಹಾಗಾಗಿ ಗೆರೆ ಬೀಳುತ್ತದೆ. ನಮ್ಮ ಕಡೆ ಚಳಿ ಅಷ್ಟಿಲ್ಲ. ತೇಗ ಮಾತ್ರ ಬೇಸಿಗೆಯಲ್ಲಿ ಎಲೆ ಉದುರಿಸಿ ಬೆಳವಣಿಗೆ ನಿಲ್ಲಿಸುತ್ತದೆ, ಮಳೆ ಬಂದೊಡನೆ ದೊಡ್ಡ ನಾಳಗಳ ಹೊಸ ಸಾಲು ಕಟ್ಟುತ್ತದೆ. ಪೆನ್ಸಿಲ್‌ಗಿಂತ ಸಣ್ಣ ಕೊಳವೆಯಂಥ ಉಪಕರಣದಿಂದ ಕಾಂಡದ ತಿರುಳಿನ ತನಕ ಒಂದು ಕಡ್ಡಿ ತೆಗೆದರೆ ಸಾಕು, ಮರ ಸಾಯುವುದಿಲ್ಲ. ಆ ಕಡ್ಡಿಯನ್ನು ಉಜ್ಜಿ ನಯ ಮಾಡಿ, ಒಂದೊಂದು ಉಂಗುರದ ಅಗಲ ಅಳೆದು, ಹತ್ತಾರು ಮರಗಳ ಅಳತೆಗಳನ್ನು ಒಂದಕ್ಕೊಂದು ತಾಳೆ ನೋಡುತ್ತಾರೆ. ಒಂದು ಮರದ ಉಂಗುರ ಕಿರಿದಾದರೆ ಅದಕ್ಕೆ ರೋಗವಿರಬಹುದು. ಕಾಡಿನ ಎಲ್ಲ ಮರಗಳಲ್ಲೂ ಅದೇ ವರ್ಷ ಕಿರಿದಾಗಿದ್ದರೆ ಆ ವರ್ಷ ಬರ.

ಇದೇ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನ ಕೇರಳದ ತೇಗದ 523 ವರ್ಷಗಳ ದಾಖಲೆಯನ್ನು ಒಟ್ಟುಗೂಡಿಸಿತು, 1481ರಿಂದ 2003ರವರೆಗೆ. ವಿಜಯನಗರ ಇನ್ನೂ ಬಾಳುತ್ತಿದ್ದ ಕಾಲದ ಮಳೆಯ ಸುಳಿವು ಮರದೊಳಗೆ ಉಳಿದಿತ್ತು. ಶಾಂತ ಸಾಗರದ ಎಲ್ ನಿನೊ ಬಂದು ಮುಂಗಾರು ಕೈಕೊಟ್ಟ ವರ್ಷಗಳಲ್ಲಿ ಉಂಗುರಗಳು ಕಿರಿದಾಗಿದ್ದವು. ಪೆರು ದೇಶದ ಕರಾವಳಿಯ ಆಚೆ ಸಮುದ್ರ ಬಿಸಿಯಾದರೆ ಕೇರಳದ ತೇಗದ ಸುತ್ತಳತೆಗೆ ಪೆಟ್ಟು ಬೀಳುತ್ತದೆ ಎಂಬುದನ್ನು ಇದಕ್ಕಿಂತ ನೇರವಾಗಿ ತೋರಿಸುವುದು ಕಷ್ಟ. ನಮ್ಮ ಅಜ್ಜ ಅಜ್ಜಿಯರು ಕತೆಯಾಗಿ ಕೇಳಿದ್ದ 1876–78ರ ಧಾತು–ಈಶ್ವರ ಬರವೂ ಎಲ್ ನಿನೊ ಕಾಲದ್ದೇ.

ಇಲ್ಲಿಂದ ನಾವು ಮೊದಲು ಹೇಳಿದ ಕಾಯ್ದೆಗೆ ಮರಳೋಣ. ಉಂಗುರ ಓದಿ ವಯಸ್ಸು ಹೇಳಲು ಪ್ರಯೋಗಾಲಯ ಬೇಕು, ತಿಂಗಳುಗಳ ಕೆಲಸ ಬೇಕು, ಅದೂ ಉಂಗುರ ಮೂಡುವ ಜಾತಿಗೆ ಮಾತ್ರ ಸಾಧ್ಯ. ರಸ್ತೆ ಬದಿಯ ಮರಕ್ಕೆ ಹಾಗೆ ಮಾಡುವವರಾರು? ಕಾಂಡದ ಸುತ್ತಳತೆ ನೋಡಿ ಅಂದಾಜು ಮಾಡುವುದೇ ಸುಲಭದ ದಾರಿ. ಸುತ್ತಳತೆ ದಪ್ಪ ಇದ್ದರೆ ವಯಸ್ಸು ಜಾಸ್ತಿ.

ಪರಿಣಾಮ ನೋಡಿ. ನದಿ ದಂಡೆಯ ಆಳದ ಮಣ್ಣಿನಲ್ಲಿ ಅಥವಾ ಬಂಗಲೆಯ ತೋಟದಲ್ಲಿ ನೀರು ಕುಡಿದು ಬೆಳೆದ ಮಳೆಮರ 40 ವರ್ಷಕ್ಕೆ ಇಬ್ಬರು ತಬ್ಬಿದರೂ ಸಿಗದಷ್ಟು ದಪ್ಪವಾಗಬಹುದು. ದಕ್ಷಿಣ ಅಮೆರಿಕದ ಮೂಲದ, ಬೇಗ ಬೆಳೆಯುವ ಜಾತಿ ಅದು. ಗುಡ್ಡದ ಗರಸಿನಲ್ಲಿ, ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ದುಡಿಯುವ ದಿಂಡಿಗ ಅಷ್ಟೇ ವರ್ಷದಲ್ಲಿ ತೊಡೆ ಗಾತ್ರಕ್ಕೂ ಬಂದಿರಲಿಕ್ಕಿಲ್ಲ. ಅಂದಾಜಿನ ಲೆಕ್ಕದಲ್ಲಿ ಮೊದಲನೆಯದು ಪಾರಂಪರಿಕ ಮರ, ಎರಡನೆಯದು ಎಳೆಯ ಗಿಡ. ಎಲ್ಲಿ ಮರ ಬೆಳೆಯುವುದು ಅತಿ ಕಷ್ಟವೋ, ಕಳೆದುಕೊಂಡರೆ ಮತ್ತೆ ಬರುವುದು ಅತಿ ನಿಧಾನವೋ, ಅಲ್ಲಿನ ಮರಕ್ಕೇ ಬೆಲೆ ಕಡಿಮೆ. ತಿದ್ದುಪಡಿ ತಂದವರ ಉದ್ದೇಶ ಇದಾಗಿರಲಿಲ್ಲ ಎಂದು ಧಾರಾಳವಾಗಿ ಒಪ್ಪಬಹುದು. ಆದರೆ ಗುಡ್ಡದ ಮೇಲೆ ರಸ್ತೆ ಎಳೆಯುವ ಯೋಜನೆ ಬಂದಾಗ ಲೆಕ್ಕ ಹೀಗೇ ಕೂರುತ್ತದೆ.

ಇದು ಬರೀ ಊಹೆಯ ಮಾತಲ್ಲ. ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ವೇತಾಳ ಟೇಕಡಿಯ ಮಗ್ಗುಲಲ್ಲಿ ರಸ್ತೆ, ಗುಡ್ಡದೊಳಗೆ ಸುರಂಗ ಎಂಬ ಪ್ರಸ್ತಾವಗಳು ವರ್ಷಗಳಿಂದ ಇವೆ. 2023ರ ಏಪ್ರಿಲ್‌ನಲ್ಲಿ ನಾಗರಿಕರು ಇವುಗಳ ವಿರುದ್ಧ ದೊಡ್ಡ ಮೆರವಣಿಗೆ ಮಾಡಿದರು. ಕೋಥ್ರೂಡ್ ಕಡೆಯ ವಾಹನ ದಟ್ಟಣೆ ಸುಳ್ಳಲ್ಲ, ಅದರಲ್ಲಿ ದಿನವೂ ಸಿಕ್ಕಿಕೊಳ್ಳುವವರ ಸಿಟ್ಟೂ ಸುಳ್ಳಲ್ಲ. ಆದರೆ 'ಕಡಿದ ಮರಕ್ಕೆ ಬದಲು ನೆಡುತ್ತೇವೆ' ಎಂಬ ಮಾತನ್ನು ಸಮಾಧಾನವಾಗಿ ಮುಂದಿಡುವಾಗ, ಎಲ್ಲಿ ನೆಡುತ್ತೀರಿ, ಅಲ್ಲಿ ಮಣ್ಣು ಎಷ್ಟು ಆಳ ಇದೆ ಎಂದು ಕೇಳುವ ಹಕ್ಕು ಜನರಿಗಿದೆ.

ಗೊಬ್ಬರದ ಗಿಡ ಆಳುತ್ತಿರುವ ಗುಡ್ಡ

ಪುಣೆಯ ಗುಡ್ಡಗಳಲ್ಲಿ ಇಂಥ ಪ್ರಯೋಗ ಒಮ್ಮೆ ನಡೆದೂ ಹೋಗಿದೆ. ಬೋಳು ಗುಡ್ಡಕ್ಕೆ ಹಸಿರು ತರಬೇಕೆಂದು ಕೆಲವು ದಶಕಗಳ ಹಿಂದೆ ಗ್ಲಿರಿಸಿಡಿಯಾವನ್ನು ಸಾಲುಸಾಲಾಗಿ ನೆಟ್ಟರು. ನಮ್ಮ ಕಡೆ ತೋಟದ ಬೇಲಿಯಲ್ಲಿ, ಗದ್ದೆ ಬದುವಿನಲ್ಲಿ ಕಾಣುವ ಗೊಬ್ಬರದ ಗಿಡವೇ ಅದು. ಮಧ್ಯ ಅಮೆರಿಕದ ಮೂಲ. ಕಲ್ಲು ಮಣ್ಣಲ್ಲೂ ಹಿಡಿಯುತ್ತದೆ, ದನ ಆಡು ಅಷ್ಟಾಗಿ ಮುಟ್ಟುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ. ಇಲಾಖೆಯ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ವಿದ್ಯಾರ್ಥಿ ಸಿಗುವುದಿಲ್ಲ, ನೆಟ್ಟರೆ ಪಾಸಾಗುವುದು ಖಚಿತ.

ಆಗಿದ್ದೂ ಹಾಗೆಯೇ. ಇಂದು ಗುಡ್ಡದ ಹಲವು ಭಾಗಗಳಲ್ಲಿ ಅದರದ್ದೇ ದಟ್ಟಣೆ. ಅದರ ನೆರಳಲ್ಲಿ ಹುಲ್ಲು ಏಳುವುದಿಲ್ಲ, ಸ್ಥಳೀಯ ಮರಗಳ ಸಸಿಗೆ ಬೆಳಕು ಸಿಗುವುದಿಲ್ಲ. ಎಲೆ ತಿನ್ನುವ ಹುಳು ಕಡಿಮೆಯಾದರೆ ಹುಳು ತಿನ್ನುವ ಹಕ್ಕಿಯೂ ಕಡಿಮೆ. ಬೇಸಿಗೆಯಲ್ಲಿ ಅದೂ ಎಲೆ ಉದುರಿಸಿ ನಿಲ್ಲುತ್ತದೆ, ಹಾಗಾಗಿ 'ಹಸಿರು' ಎಂಬ ಭರವಸೆಯೂ ಪೂರ್ತಿ ಈಡೇರಲಿಲ್ಲ.

ಆದರೂ ನ್ಯಾಯವಾಗಿ ಹೇಳಬೇಕು. ಮಣ್ಣು ಕೊಚ್ಚಿ ಹೋಗುತ್ತಿದ್ದ ಇಳಿಜಾರನ್ನು ಅದು ಹಿಡಿದು ನಿಲ್ಲಿಸಿದೆ, ಎಲೆ ಉದುರಿಸಿ ಒಂದಿಷ್ಟು ಕಪ್ಪು ಮಣ್ಣನ್ನೂ ಕಟ್ಟಿದೆ. ಗುಡ್ಡದ ಮೇಲೆ ಮರ ಇದೆ ಎಂಬ ಕಾರಣಕ್ಕೇ ಎಷ್ಟೋ ಕಟ್ಟಡಗಳು ಮೇಲೆ ಹತ್ತಲಿಲ್ಲ. ಈಗ ಅದನ್ನೆಲ್ಲ ಒಂದೇ ಏಟಿಗೆ ಕಡಿದು ಸ್ಥಳೀಯ ಜಾತಿ ನೆಡೋಣ ಎನ್ನುವವರಿದ್ದಾರೆ. ನನಗೆ ಅದು ಸರಿ ಎನಿಸುವುದಿಲ್ಲ. ತೆರವಾದ ಇಳಿಜಾರಿನ ಮೇಲೆ ಒಂದು ಜೋರು ಮಳೆ ಬಿದ್ದರೆ 40 ವರ್ಷದ ಮಣ್ಣು ಒಂದು ರಾತ್ರಿಯಲ್ಲಿ ಕೆಳಗಿನ ಸೊಸೈಟಿಯ ಪಾರ್ಕಿಂಗ್‌ಗೆ ಬಂದು ಬೀಳುತ್ತದೆ. ಅಲ್ಲಲ್ಲಿ ತೆಳುಗೊಳಿಸಿ, ಬೆಳಕು ಬಿಟ್ಟು, ತಾನಾಗಿ ಏಳುವ ಸಸಿಗಳನ್ನು ಕಾಯುವುದು ನಿಧಾನದ ದಾರಿ, ಫೋಟೊಗೆ ಹೊಂದದ ದಾರಿ.

ಹುಲ್ಲುಗಾವಲು ಹಾಳುಬಿದ್ದ ಕಾಡೇ?

ಗುಡ್ಡ ಇಳಿದು ಪೂರ್ವಕ್ಕೆ ಹೋದರೆ ಪ್ರಶ್ನೆ ಇನ್ನೂ ದೊಡ್ಡದಾಗುತ್ತದೆ. ಜೆಜುರಿಯ ಖಂಡೋಬ, ನಮ್ಮ ಮೈಲಾರಲಿಂಗ, ಕುರಿ ಕಾಯುವವರ ದೇವರು. ಆತ ನೆಲೆಸಿರುವುದು ದಟ್ಟ ಕಾಡಿನಲ್ಲಲ್ಲ, ಹುಲ್ಲಿನ ನಾಡಿನಲ್ಲಿ. ಬಾರಾಮತಿ ತಾಲ್ಲೂಕಿನ ಸುಪೆ ಬಳಿ ಚಿಂಕಾರಗಳಿಗಾಗಿ ಇರುವ ಮಯೂರೇಶ್ವರ ಅಭಯಾರಣ್ಯದ ವಿಸ್ತೀರ್ಣ ಐದು ಚದರ ಕಿ.ಮೀ.ಗಿಂತ ತುಸು ಹೆಚ್ಚು, ಅಷ್ಟೇ. ಅದರ ಹೊರಗಿನ ಹುಲ್ಲುಗಾವಲು ಸರ್ಕಾರಿ ದಾಖಲೆಗಳಲ್ಲಿ ಬಹುಮಟ್ಟಿಗೆ ಪಾಳುಭೂಮಿ. ಪಾಳು ಎಂದ ಮೇಲೆ ಅದಕ್ಕೆ ಮೂರೇ ಗತಿ: ಕಾರ್ಖಾನೆ, ಸೋಲಾರ್ ಪಾರ್ಕ್ ಅಥವಾ ವೃಕ್ಷಾರೋಪಣ.

ಇದೆಲ್ಲ ಹಿಂದೆ ಕಾಡಾಗಿತ್ತು, ಜನ ಕಡಿದು ಕುರಿ ಮೇಯಿಸಿ ಹಾಳು ಮಾಡಿದರು ಎಂಬ ನಂಬಿಕೆ ಬ್ರಿಟಿಷರ ಕಾಲದಿಂದ ಬಂದದ್ದು. ಇತ್ತೀಚೆಗೆ ಆಶೀಷ್ ನೇರ್ಲೇಕರ್ ಮತ್ತು ದಿಗ್ವಿಜಯ ಪಾಟೀಲ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಲು ಒಂದು ಜಾಣ ದಾರಿ ಹಿಡಿದರು. 13ನೇ ಶತಮಾನದಿಂದೀಚಿನ ಮರಾಠಿ ಸಂತ ಸಾಹಿತ್ಯ, ಹಾಡು, ಕತೆಗಳಲ್ಲಿ ಪಶ್ಚಿಮ ಮಹಾರಾಷ್ಟ್ರದ ಗಿಡಮರಗಳ ಉಲ್ಲೇಖ ಹುಡುಕಿದರು. ಸಿಕ್ಕಿದ್ದು ಹೆಚ್ಚಾಗಿ ಮುಳ್ಳುಗಿಡ, ಹುಲ್ಲು, ಬಯಲಿನ ಜಾತಿಗಳ ಹೆಸರು. ಅಂದರೆ ಈ ಭೂಮಿ ಕನಿಷ್ಠ 750 ವರ್ಷಗಳಿಂದ ಹುಲ್ಲು–ಮರ ಬೆರೆತ ಬಯಲಾಗಿಯೇ ಇದೆ. ಉಂಗುರ ಬಿಡದ ಮರಗಳ ನಾಡಿನಲ್ಲಿ ಪದ್ಯಗಳೇ ಉಂಗುರಗಳಾದವು ಎನ್ನಬಹುದು. ನಮ್ಮ ವಚನ, ಹಾಲುಮತದ ಪುರಾಣ, ಮೈಲಾರನ ಹಾಡುಗಳನ್ನು ಯಾರಾದರೂ ಈ ಕಣ್ಣಿನಿಂದ ಓದಿದರೆ ವಿಜಯಪುರ, ಗದಗ, ಹಾವೇರಿಯ ಬಯಲುಗಳ ಬಗ್ಗೆಯೂ ಏನೋ ಸಿಕ್ಕೀತು.

ಅದನ್ನು ತಿಳಿಯದೆ ನೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು, 119 ಚದರ ಕಿ.ಮೀ. ಕೃಷ್ಣಮೃಗಕ್ಕೆ ಬೇಕಾದದ್ದು ದೂರದ ತನಕ ಕಣ್ಣು ಹಾಯುವ ಬಯಲು. ಅಲ್ಲಿ ಬೆಳೆಸಿದ್ದು ನೀಲಗಿರಿ. ಅಲ್ಲಿ ಹಿಂದೆ ಕಾಣುತ್ತಿದ್ದ ಹೆಬ್ಬಕ ಹಕ್ಕಿ ಈಗ ಇಲ್ಲ. ನೀಲಗಿರಿಯೊಂದೇ ಕಾರಣ ಎನ್ನಲಾಗದು, ಬೇಟೆ, ಬೇಸಾಯ ಎಲ್ಲವೂ ಸೇರಿವೆ. ಆದರೆ ಬಯಲಿನ ಹಕ್ಕಿಗೆ ತೋಪು ಕಟ್ಟಿಕೊಟ್ಟರೆ ಅದು ಉಳಿಯುವುದಿಲ್ಲ ಎಂದು ಹೇಳಲು ತಜ್ಞರೇ ಬೇಕಿಲ್ಲ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ.

ವಿಜಯಪುರದಲ್ಲಿ 2016ರಲ್ಲಿ ಎಂ.ಬಿ. ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದ ಕೋಟಿ ವೃಕ್ಷ ಅಭಿಯಾನದ ಬಗ್ಗೆಯೂ ಈ ಪ್ರಶ್ನೆ ಬರುತ್ತದೆ. ಊರ ಬೀದಿ, ಕಾಲುವೆ ಬದಿ, ಕೆರೆಯಂಗಳ, ಹೊಲದ ಬದುವಿನಲ್ಲಿ ಮರ ಬೇಕೇ ಬೇಕು. ಏಪ್ರಿಲ್‌ನಲ್ಲಿ ವಿಜಯಪುರದ ಬಸ್ ನಿಲ್ದಾಣದಲ್ಲಿ ನಿಂತವರಿಗೆ ನೆರಳಿನ ಬೆಲೆ ಗೊತ್ತು. ಅಲ್ಲಿ ನೀರು ಹಾಕುವವರಿದ್ದಾರೆ, ಮಣ್ಣಿದೆ. ತೋಳ, ನರಿ, ಕುರಿಮಂದೆ ಓಡಾಡುವ ಗರಸು ಮರಡಿಯ ವಿಷಯ ಬೇರೆ. ಹುಲ್ಲು ತನ್ನ ಇಂಗಾಲವನ್ನು ಬಹುಪಾಲು ನೆಲದಡಿಯ ಬೇರಿನಲ್ಲಿ ಇಡುತ್ತದೆ, ಬೆಂಕಿ ಬಿದ್ದರೂ ಅದು ಸುಡುವುದಿಲ್ಲ. ಗುಂಡಿ ತೋಡಿ ಸಸಿ ನೆಟ್ಟು ಅದು ಎರಡನೇ ಬೇಸಿಗೆಗೆ ಒಣಗಿದರೆ, ಹುಲ್ಲೂ ಹೋಯಿತು, ಮರವೂ ಬರಲಿಲ್ಲ.

ಎಣಿಕೆ ಮುಗಿದ ಮೇಲೆ

ಮಹಾರಾಷ್ಟ್ರ ಸರ್ಕಾರ 2016ರ ಜುಲೈ 1ರಂದು ಒಂದೇ ದಿನ 2 ಕೋಟಿ ಸಸಿ ನೆಡುವ ಗುರಿ ಹಾಕಿತು. ಮರುವರ್ಷ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ. ಸರ್ಕಾರ ಬದಲಾದ ಮೇಲೆ 2021ರಲ್ಲಿ ಇದರ ತನಿಖೆಗೆ ಶಾಸಕರ ಸಮಿತಿ ಬಂತು. ರಾಜಕೀಯ ಏನೇ ಇರಲಿ, ಒಂದು ಮಾತು ಗಮನಿಸಿ: ಗುರಿ ಇದ್ದದ್ದು ನೆಡುವ ಸಂಖ್ಯೆಗೆ, ದಿನಾಂಕ ಇದ್ದದ್ದು ಕ್ಯಾಲೆಂಡರ್ ಪ್ರಕಾರ.

ಮಳೆ ಕ್ಯಾಲೆಂಡರ್ ನೋಡುವುದಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಎರಡೇ ದಿನದಲ್ಲಿ ಮುಂಬೈ, ಪುಣೆಗೂ ಬಂತು. ನಂತರ ಜೂನ್‌ನಲ್ಲಿ ಎರಡು ವಾರಕ್ಕೂ ಹೆಚ್ಚು ಮುಂದೆ ಸರಿಯದೆ ನಿಂತಿತು. ಮೊದಲ ಮಳೆಗೆ ನಂಬಿ ನೆಟ್ಟ ಸಸಿಯ ಬೇರು ಇನ್ನೂ ಗುಂಡಿಯ ಅಂಚು ದಾಟಿರುವುದಿಲ್ಲ, ಅಷ್ಟರಲ್ಲಿ ಬಿಸಿಲು. 2023ರ ಆಗಸ್ಟ್ ದೇಶದಲ್ಲಿ 1901ರ ನಂತರದ ಅತ್ಯಂತ ಒಣ ಆಗಸ್ಟ್. ಜುಲೈ ಮೊದಲ ವಾರ ನೆಟ್ಟವರು ಆಗಸ್ಟ್‌ನಲ್ಲಿ ಟ್ಯಾಂಕರ್ ತರಿಸಬೇಕಾದ ವರ್ಷ ಅದು. ದೊಡ್ಡ ಮರಕ್ಕೆ ಇಂಥ ತಿಂಗಳು ಒಂದು ಕಿರಿದಾದ ಉಂಗುರವಾಗಿ ಉಳಿಯುತ್ತದೆ, ಸಸಿಗೆ ಸಾವು.

ದೊಡ್ಡ ಮರವೂ ಪೂರ್ತಿ ಕ್ಷೇಮವಲ್ಲ. ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೈ ಕಾಡಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 1988ರಿಂದ 50 ಹೆಕ್ಟೇರ್‌ನ ಒಂದೊಂದು ಮರವನ್ನೂ ಎಣಿಸುತ್ತಾ ಬಂದಿದೆ. 19 ವರ್ಷಗಳ ಲೆಕ್ಕ ನೋಡಿದಾಗ ಮಳೆ ಕೊರತೆಯ ಪೆಟ್ಟು ಮರಗಳ ಸಾವಿನಲ್ಲಿ ಕಾಣಿಸಿದ್ದು ಎರಡು–ಮೂರು ವರ್ಷ ತಡವಾಗಿ. ಬರ ಬಂದ ವರ್ಷವೇ ಎಣಿಸಿ 'ಎಲ್ಲ ಬದುಕಿವೆ' ಎಂದು ವರದಿ ಬರೆದರೆ ಆ ವರದಿಗೆ ಅರ್ಥವಿಲ್ಲ.

ನಗರದೊಳಗಿನ ಮರಗಳ ಪಾಡು ಇನ್ನೊಂದು. ಬುಡದ ತನಕ ಕಾಂಕ್ರೀಟ್, ಕೇಬಲ್‌ಗಾಗಿ ಕಡಿದ ಬೇರು, ಕೆಳಗೆ ನೀರಿಲ್ಲ. ಮರ ಮೇಲೆ ಹಸಿರಾಗಿಯೇ ಇರುತ್ತದೆ, ಒಂದು ಗಾಳಿ ಮಳೆಗೆ ಕಾರಿನ ಮೇಲೆ ಮಲಗುತ್ತದೆ. ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ಪುಣೆ, ಬೆಂಗಳೂರಿನ ಯಾವ ಬೀದಿಗಾದರೂ ಹೋಗಿ ಅಳೆದು ನೋಡಬಹುದು.

ಕೇಂದ್ರದ ಅರಣ್ಯ ವರದಿಯೂ ಈ ಗೊಂದಲಕ್ಕೆ ತನ್ನ ಪಾಲು ಸೇರಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ 2023ರ ವರದಿ ಪ್ರಕಾರ ದೇಶದ ಭೂಭಾಗದಲ್ಲಿ ಅರಣ್ಯ ಮತ್ತು ಮರಗಳ ಹೊದಿಕೆ ಶೇ 25.17. ಒಂದು ಹೆಕ್ಟೇರ್‌ಗೆ ಮೇಲ್ಪಟ್ಟ ಜಾಗದಲ್ಲಿ ಶೇ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆ, ಯಾವ ಜಾತಿ, ಯಾರ ಜಮೀನು ಎಂಬ ಭೇದವಿಲ್ಲ. ಆ ಲೆಕ್ಕದಲ್ಲಿ ಭೀಮಾಶಂಕರದ ಕಾಡೂ ವೇತಾಳ ಟೇಕಡಿಯ ಗೊಬ್ಬರದ ಗಿಡವೂ ಒಂದೇ ಪಟ್ಟಿಯಲ್ಲಿ ಬರಬಲ್ಲವು. ಸುಪೆಯ ಹುಲ್ಲುಗಾವಲು ಬರುವುದೇ ಇಲ್ಲ.

ಹಾಗಾದರೆ ಪುಣೆ ಮಹಾನಗರ ಪಾಲಿಕೆಯಿಂದ ಕೇಳಬೇಕಾದದ್ದೇನು? ಮೊದಲನೆಯದಾಗಿ, ವಯಸ್ಸಿನ ಅಂದಾಜಿಗೆ ಜಾತಿ ಮತ್ತು ಜಾಗ ಎರಡನ್ನೂ ಸೇರಿಸಬೇಕು. ಗುಡ್ಡದ ದಿಂಡಿಗಕ್ಕೆ ಒಂದು ಅಳತೆ, ದಂಡೆಯ ಮಳೆಮರಕ್ಕೆ ಇನ್ನೊಂದು. ಇದಕ್ಕೆ ಬೇಕಾದ ವಿದ್ಯೆ ಹೊರದೇಶದಿಂದ ತರಬೇಕಿಲ್ಲ, ಪಾಷಾಣದಲ್ಲಿದೆ. ಬದಲಿ ಸಸಿ ನೆಡುವ ಜಾಗದ ಮಣ್ಣಿನ ಆಳ, ನೀರಿನ ವ್ಯವಸ್ಥೆ ಬರೆದ ಮೇಲೆಯೇ ಕಡಿಯಲು ಅನುಮತಿ ಕೊಡಬೇಕು. ಹುಲ್ಲುಗಾವಲನ್ನು ಬದಲಿ ನೆಡುವಿಕೆಯ ಜಾಗಗಳ ಪಟ್ಟಿಯಿಂದ ತೆಗೆಯಬೇಕು. ನಗರಕ್ಕೆ ಸೇರಿದ ಹಳ್ಳಿಗಳ ಗುಡ್ಡಗಳಲ್ಲಿ ಜೀವವೈವಿಧ್ಯ ಉದ್ಯಾನಕ್ಕೆಂದು ಕಾಯ್ದಿರಿಸಿದ 978 ಹೆಕ್ಟೇರ್ ಭೂಮಿ ಇದೆ. ಅದನ್ನು ಅತಿಕ್ರಮಣವಾಗದಂತೆ ಬೇಲಿ ಕಟ್ಟಿ ಬಿಟ್ಟರೂ ಎಷ್ಟೋ ಆಯಿತು. ಅಲ್ಲಿ ಭೂಮಿ ಕಳೆದುಕೊಂಡವರಿಗೆ ಸರಿಯಾದ ಪರಿಹಾರ ಕೊಡದೆ ಅದು ಆಗುವುದಿಲ್ಲ ಎಂಬುದೂ ನಿಜ.

2021ರ ತಿದ್ದುಪಡಿಯ ನಂತರ ಮೊದಲು ನೆಟ್ಟ ಬದಲಿ ಸಸಿಗಳಿಗೆ ಏಳು ವರ್ಷ ತುಂಬುವುದು 2028ರಲ್ಲಿ. ಅಷ್ಟು ಹೊತ್ತಿಗೆ ಅವು 2023ರ ಒಣ ಆಗಸ್ಟ್, 2024ರ ನೆರೆ, 2025ರ ಅವಸರದ ಮುಂಗಾರು ಎಲ್ಲವನ್ನೂ ದಾಟಿರಬೇಕು. ಎಲ್ಲೆಲ್ಲಿ ನೆಟ್ಟಿದ್ದಾರೆಂಬ ನಕ್ಷೆಯ ಗುರುತು ದಾಖಲೆಯಲ್ಲಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಆ ವರ್ಷ ಪಟ್ಟಿ ಹಿಡಿದು ಒಂದೊಂದು ಜಾಗಕ್ಕೂ ಹೋಗಿ ನೋಡುವ ಕೆಲಸವನ್ನು ಪಾಲಿಕೆ ಮಾಡದಿದ್ದರೆ ಟೇಕಡಿ ಹತ್ತುವ ನಾಗರಿಕರಾದರೂ ಮಾಡಬಹುದು. ದಿನಾಂಕ ಈಗಲೇ ಬರೆದಿಟ್ಟುಕೊಳ್ಳಲಿ.